ವೆಲ್ಲೂರಿನ ಐಡಾ ಸ್ಕಡರ್ ಅಮ್ಮನವರು

ಯಾವ ಹೊಲಕ್ಕೆ ಯಾವ ಬೀಜವೆಂದು ನಾವು ಮಳೆಗೆ ಮುಂಚೆಯೇ ಗೊತ್ತುಮಾಡಿಕೊಳ್ಳುತ್ತೇವೆ. ಹಾಗೆಯೇ ಮಗನ ಓದು, ಮಗಳ ಮದುವೆ, ನಮ್ಮ ಮುಪ್ಪಿನ ಕಾಲ ಇವೆಲ್ಲಕ್ಕೂ ಮನಸ್ಸಿನಲ್ಲಿ ಏರ್ಪಾಡುಮಾಡಿಕೊಂಡು, ಅದನ್ನು ನೆರವೇರಿಸೆಂದು ದೇವರನ್ನು ಬೇಡುತ್ತೇವೆ. ಆದರೆ ಆ ಏರ್ಪಾಡನ್ನೇ ಆತನ ಕೈಗೆ ಬಿಟ್ಟುಕೊಡುವದು ಬೇರೆ ಸಂಗತಿಯಾಗಿದೆ. ಇದು ಎಷ್ಟು ಕಷ್ಟವಾದದ್ದೆಂದೂ ಎಷ್ಟು ಫಲಕೊಡುವದೆಂದೂ ಐಡಾ ಸ್ಕಡರ್ ಅಮ್ಮನವರ ಜೀವಿತದಿಂದ ತಿಳಿದುಕೊಳ್ಳೋಣ.

ಇವರು 1870ನೆಯ ಇಸವಿ ದಶಂಬರ 9ರಲ್ಲಿ ತಮಿಳು ಸೀಮೆಯ ರಾಣಿಪೇಟೆಯಲ್ಲಿ ಹುಟ್ಟಿದರು. ಇವರ ಅಜ್ಜನೂ ತಂದೆಯೂ ಅಮೇರಿಕದ ಮಿಶನಿನ ವೈದ್ಯರಾಗಿದ್ದರು. ಐಡಾ ಚಿಕ್ಕವರಾಗಿದ್ದಾಗ, ನಮ್ಮ ಮೈಸೂರು ಸೀಮೆಯವರು ಧಾತು ಈಶ್ವರ ಬರವೆಂದು ಕರೆದ 1876-78ರ ಘೋರ ಕ್ಷಾಮವು ಆ ಪ್ರಾಂತ್ಯವನ್ನೂ ಹಾಳುಮಾಡಿತು. ಹಸಿದು ಸೊರಗಿದ ಮಕ್ಕಳನ್ನು ಅವರು ಕಣ್ಣಾರೆ ಕಂಡರು. ದೊಡ್ಡವರಾದ ಮೇಲೆ ಅಮೇರಿಕದಲ್ಲಿ ಓದುತ್ತಾ, ತಾನು ಎಂದಿಗೂ ಮಿಶನರಿಯಾಗಬಾರದು, ಅಲ್ಲಿಯೇ ಸುಖವಾಗಿ ಬಾಳಬೇಕೆಂದು ನಿಶ್ಚಯಿಸಿಕೊಂಡರು. 1890ರಲ್ಲಿ ತಾಯಿಯ ಅಸ್ವಸ್ಥತೆಯ ನಿಮಿತ್ತ ತಿಂಡಿವನಕ್ಕೆ ಬಂದದ್ದು ಸ್ವಲ್ಪ ಕಾಲಕ್ಕೆ ಮಾತ್ರವೇ.

ಅಲ್ಲಿ ಒಂದು ರಾತ್ರಿ ಒಬ್ಬ ಬ್ರಾಹ್ಮಣನೂ ಒಬ್ಬ ಮುಸಲ್ಮಾನನೂ ಮತ್ತೊಬ್ಬ ಮೇಲುಜಾತಿಯ ಹಿಂದುವೂ ಒಬ್ಬರಾದ ಮೇಲೊಬ್ಬರು ಬಾಗಿಲಿಗೆ ಬಂದರು. ಮೂವರ ಹೆಂಡಂದಿರೂ ಹೆರಿಗೆಯ ಸಂಕಟದಲ್ಲಿದ್ದರು. ಐಡಾ ವೈದ್ಯರಲ್ಲ, ವೈದ್ಯರಾದ ತಂದೆಯನ್ನು ಕರೆದುಕೊಂಡು ಹೋಗಿರೆಂದರೆ, ಪರಪುರುಷನು ಹೆಂಗಸರ ಕೋಣೆಗೆ ಬರಕೂಡದೆಂದು ಮೂವರೂ ಹಿಂದಿರುಗಿದರು. ಬೆಳಗಾಗುವಷ್ಟರಲ್ಲಿ ಆ ಮೂವರು ಸ್ತ್ರೀಯರೂ ಸತ್ತುಹೋಗಿದ್ದರು. ಆ ರಾತ್ರಿ ನಿದ್ದೆಯಿಲ್ಲದೆ ದೇವರ ಸನ್ನಿಧಿಯಲ್ಲಿ ಹೋರಾಡಿದ ಐಡಾ, ತಾನು ವೈದ್ಯಳಾಗಿ ಈ ದೇಶಕ್ಕೆ ತಿರಿಗಿ ಬರುವೆನೆಂದು ತಂದೆತಾಯಿಗಳಿಗೆ ತಿಳಿಸಿದರು.

1899ರಲ್ಲಿ ಕಾರ್ನೆಲ್ ವೈದ್ಯ ಕಾಲೇಜಿನಲ್ಲಿ ತೇರ್ಗಡೆಯಾಗಿ, ಆಸ್ಪತ್ರೆಗಾಗಿ ಒಬ್ಬ ಧನಿಕನು ಕೊಟ್ಟ 10,000 ಡಾಲರುಗಳೊಂದಿಗೆ 1900ರಲ್ಲಿ ವೆಲ್ಲೂರಿಗೆ ಬಂದರು. ಕೈಹಿಡಿದು ಕಲಿಸಬೇಕಾಗಿದ್ದ ತಂದೆಯು ಅದೇ ವರುಷ ತೀರಿಹೋದರು. ಆದರೂ 1902ರಲ್ಲಿ ಆಸ್ಪತ್ರೆ ತೆರೆಯಿತು. 1909ರಲ್ಲಿ ದಾದಿಯರಿಗೆ ಶಿಕ್ಷಣವು ಆರಂಭವಾಯಿತು. 1918ರಲ್ಲಿ ಸ್ತ್ರೀಯರಿಗಾಗಿಯೇ ವೈದ್ಯಶಾಲೆ ಉಂಟಾಯಿತು. ಅವರು ಹಳ್ಳಿಗಳಿಗೆ ಹೋಗಿ ದಾರಿಯ ಪಕ್ಕದ ಮರದಡಿಯಲ್ಲಿ ರೋಗಿಗಳನ್ನು ನೋಡುತ್ತಿದ್ದರು.

ಇಷ್ಟಕ್ಕೇ ಕಥೆಯು ಮುಗಿಯಲಿಲ್ಲ. 1930ರ ದಶಕದ ಕೊನೆಯಲ್ಲಿ, ಇನ್ನು ಮುಂದೆ ವಿಶ್ವವಿದ್ಯಾಲಯದ ಪದವಿಯನ್ನು ಕೊಡುವ ಕಾಲೇಜುಗಳು ಮಾತ್ರ ವೈದ್ಯರನ್ನು ತಯಾರಿಸಬೇಕೆಂದು ಮದ್ರಾಸ್ ಸರಕಾರವು ಗೊತ್ತುಮಾಡಿತು. ಶಾಲೆಯು ಮುಚ್ಚಿಹೋಗುವ ಹಾಗಾಯಿತು. ಅಮ್ಮನವರಿಗೆ ಆಗ 70 ವರುಷ ಸಮೀಪಿಸಿತ್ತು. ಬೇರೆ ಬೇರೆ ಮಿಶನುಗಳು ಕೂಡಿಕೊಂಡು ಗಂಡುಮಕ್ಕಳಿಗೂ ಸ್ಥಳಕೊಟ್ಟರೆ ಮಾತ್ರ ಶಾಲೆಯು ಉಳಿಯುವ ಹಾಗಿತ್ತು. ಸ್ತ್ರೀಯರಿಗಾಗಿಯೇ ಹಣ ಕೂಡಿಸಿ ಕೊಟ್ಟಿದ್ದ ಅಮೇರಿಕದ ಹಳೆಯ ಸ್ನೇಹಿತೆಯರಲ್ಲಿ ಕೆಲವರು ಇದನ್ನು ಬಲವಾಗಿ ವಿರೋಧಿಸಿದರು. ಆದರೂ ಅಮ್ಮನವರು ಒಪ್ಪಿಕೊಂಡರು. ಮುಪ್ಪಿನಲ್ಲಿಯೂ ಅಮೇರಿಕದ ಊರೂರುಗಳಲ್ಲಿ ಸಹಾಯ ಬೇಡಿದರು. 1942ರಲ್ಲಿ ಪದವಿಯ ಶಿಕ್ಷಣವು ಪ್ರಾರಂಭವಾಯಿತು. 1947ರಲ್ಲಿ ಗಂಡುಮಕ್ಕಳೂ ಸೇರಿದರು. 1960ನೆಯ ಮೇ 24ರಲ್ಲಿ ಅಮ್ಮನವರು ಕೊಡೈಕಾನಲಿನಲ್ಲಿ ಕರ್ತನಲ್ಲಿ ನಿದ್ರೆಹೋದರು. ನಮ್ಮ ಕನ್ನಡ ನಾಡಿನ ರೋಗಿಗಳೂ ಇಂದು ಆ ಆಸ್ಪತ್ರೆಗೆ ಹೋಗುತ್ತಾರೆ.

ಸ್ವಂತ ಸುಖದ ಏರ್ಪಾಡನ್ನು ಬಿಡುವದು ಕಷ್ಟ. ದೇವರಿಗೋಸ್ಕರವೇ ನಾವು ಕಟ್ಟಿದ್ದನ್ನು ಆತನು ಬೇರೆ ರೀತಿಯಾಗಿ ತಿರುಗಿಸುವಾಗ ಕೈಬಿಡುವದು ಇನ್ನೂ ಕಷ್ಟ. ಸಭೆಯ ಕೆಲಸದಲ್ಲಿ ನಾವು ಹಾಕಿದ ಕ್ರಮವನ್ನು ಕಿರಿಯರು ಬದಲಾಯಿಸಿದರೆ ನಾವು ಎಷ್ಟು ಬೇಗ ಮುನಿಸಿಕೊಳ್ಳುತ್ತೇವೆ! ಅಮ್ಮನವರು ಯೌವನದಲ್ಲಿ ತನ್ನ ಆಶೆಯನ್ನೂ ಮುಪ್ಪಿನಲ್ಲಿ ತನ್ನ ಸೇವೆಯನ್ನೂ ಒಪ್ಪಿಸಿಕೊಟ್ಟರು. ಗೆತ್ಸೇಮನೆಯಲ್ಲಿ ತಂದೆಯ ಚಿತ್ತಕ್ಕೆ ತಲೆಬಾಗಿದ ಕರ್ತನು ನಮಗೂ ಅಂಥ ಮನಸ್ಸನ್ನು ದಯಪಾಲಿಸಲಿ.