ಗಡ್ಡೆಯೊಳಗಿನ ಕ್ಷಯ ತೋರಿಸಿದ ರಾಬರ್ಟ್ ಕಾಕ್

ಜಹೀರಾಬಾದ್: ಕುತ್ತಿಗೆಯಲ್ಲಿ ಸಾಲುಸಾಲಾಗಿ ಏಳುವ ಗಡ್ಡೆಗಳಿಗೆ ಹಳಬರು ಗಂಡಮಾಲೆ ಎನ್ನುತ್ತಿದ್ದರು. ಹಲವರಲ್ಲಿ ಅದು ಕ್ಷಯರೋಗವೇ ಆಗಿರುತ್ತದೆ. ಇಂತಹ ರೋಗಿಗೆ ಎಷ್ಟೋ ಸಲ ಕೆಮ್ಮು ಇರದು, ಕಫವೂ ಬಾರದು. ಹಾಗಾಗಿ ಗಡ್ಡೆಯ ಚೂರನ್ನೇ ತೆಗೆದು ಪ್ರಯೋಗಾಲಯಕ್ಕೆ ಕಳಿಸಬೇಕಾಗುತ್ತದೆ. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ರೋಗಿಗಳಿಗೂ ವೈದ್ಯರು ಬರೆದುಕೊಡುವ ಈ ಪರೀಕ್ಷೆಗೆ ದಾರಿ ಹಾಕಿಕೊಟ್ಟವರು ಜರ್ಮನಿಯ ವೈದ್ಯ ರಾಬರ್ಟ್ ಕಾಕ್.

ಕಾಕ್ ಜನಿಸಿದ್ದು 1843ರ ಡಿಸೆಂಬರ್ 11ರಂದು, ಕ್ಲೌಸ್ಟಾಲ್ ಎಂಬ ಊರಿನಲ್ಲಿ. ತಾಂಡೂರಿಗೆ ಕಲ್ಲುಗಣಿಗಳಿದ್ದಂತೆ ಆ ಊರಿಗೆ ಬೆಳ್ಳಿ, ಸೀಸದ ಗಣಿಗಳಿದ್ದವು. ತಂದೆ ಗಣಿ ಇಲಾಖೆಯ ಅಧಿಕಾರಿ, ಮನೆತುಂಬ ಮಕ್ಕಳು. 1866ರಲ್ಲಿ ವೈದ್ಯ ಪದವಿ ಪಡೆದ ಕಾಕ್, 1872ರಲ್ಲಿ ವೋಲ್‌ಸ್ಟೈನ್ ಎಂಬ ಸಣ್ಣ ಪಟ್ಟಣಕ್ಕೆ ಸರ್ಕಾರಿ ವೈದ್ಯರಾಗಿ ಬಂದರು. ಹಗಲೆಲ್ಲ ರೋಗಿಗಳು, ಬಿಡುವಾದಾಗ ಪತ್ನಿ ಉಡುಗೊರೆ ಕೊಟ್ಟ ಸೂಕ್ಷ್ಮದರ್ಶಕ. ದೊಡ್ಡ ಪ್ರಯೋಗಾಲಯವಿಲ್ಲದ ಅಲ್ಲಿಯೇ ಅವರು 1876ರಲ್ಲಿ, ದನಕುರಿಗಳನ್ನು ಕೊಲ್ಲುವ ನೆರಡಿ ರೋಗಕ್ಕೆ ಒಂದು ಸೂಕ್ಷ್ಮಾಣುವೇ ಕಾರಣವೆಂದು ಸಾಬೀತುಪಡಿಸಿದರು. 1880ರಲ್ಲಿ ಬರ್ಲಿನ್‌ನ ಆರೋಗ್ಯ ಕಚೇರಿಗೆ ಕರೆ ಬಂತು.

ಆ ಕಾಲಕ್ಕೆ ಕ್ಷಯ ವಂಶದಿಂದ ಬರುವ ರೋಗವೆಂದು ನಂಬಿದವರೇ ಹೆಚ್ಚು. ಅದು ಅಂಟುರೋಗವೆಂದು ಫ್ರಾನ್ಸಿನ ವಿಲ್ಮ್ಯಾಂ 1865ರಲ್ಲೇ ಪ್ರಾಣಿಗಳಲ್ಲಿ ತೋರಿಸಿದ್ದರೂ ರೋಗಾಣು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೇಣದಂತಹ ಹೊದಿಕೆಯಿಂದಾಗಿ ಅದು ಸಾಮಾನ್ಯ ಬಣ್ಣಗಳನ್ನು ಹೀರಿಕೊಳ್ಳದು. ಕಾಕ್ ರೋಗಪೀಡಿತ ಅಂಗಾಂಶದ ಚೂರುಗಳನ್ನು ಕ್ಷಾರ ಬೆರೆಸಿದ ನೀಲಿ ಬಣ್ಣದಲ್ಲಿ ಇಡೀ ದಿನ ನೆನೆಹಾಕಿ, ಬಳಿಕ ಕಂದು ಬಣ್ಣ ಕೊಟ್ಟರು. ಕಂದಾದ ಅಂಗಾಂಶದ ನಡುವೆ ಸಣ್ಣ ನೀಲಿ ಕಡ್ಡಿಗಳು ಎದ್ದು ಕಂಡವು.

ಕಂಡಿತೆಂದು ಕಾಕ್ ಅಷ್ಟಕ್ಕೇ ನಿಲ್ಲಲಿಲ್ಲ. ಹೆಪ್ಪುಗಟ್ಟಿಸಿದ ರಕ್ತದ್ರವದ ಮೇಲೆ ಆ ರೋಗಾಣುವನ್ನು ವಾರಗಟ್ಟಲೆ ಕಾದು ಬೆಳೆಸಿ, ಗಿನಿ ಇಲಿಗಳಿಗೆ ಚುಚ್ಚಿ, ಅವಕ್ಕೆ ಕ್ಷಯ ಬರುವುದನ್ನು ಖಚಿತಪಡಿಸಿಕೊಂಡರು. 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ವಿಷಯ ಪ್ರಕಟಿಸಿದರು. ಸಭೆಯಲ್ಲಿದ್ದ ಪಾಲ್ ಎರ್ಲಿಕ್ ಅದೇ ವರ್ಷ ಬಣ್ಣದ ವಿಧಾನವನ್ನು ಸುಧಾರಿಸಿದರು. ಅದನ್ನು ತಿದ್ದಿದ ಸೀಲ್ ಮತ್ತು ನೀಲ್ಸನ್ ಹೆಸರಿನಲ್ಲೇ ಇಂದಿಗೂ ಆ ಪರೀಕ್ಷೆ ನಡೆಯುತ್ತಿದೆ. ಅದರಲ್ಲಿ ಕ್ಷಯಾಣು ನೀಲಿ ಹಿನ್ನೆಲೆಯಲ್ಲಿ ಕೆಂಪಾಗಿ ಕಾಣುತ್ತದೆ.

ಕಾಕ್ ಭಾರತಕ್ಕೂ ಬಂದಿದ್ದರು. 1884ರಲ್ಲಿ ಕಲ್ಕತ್ತಾದಲ್ಲಿ ಕಾಲರಾ ರೋಗಾಣುವನ್ನು ಗುರುತಿಸಿದರು. 1897ರಲ್ಲಿ ಪ್ಲೇಗ್ ಅಧ್ಯಯನಕ್ಕೆ ಬೊಂಬಾಯಿಗೆ ಬಂದರು.

ಅವರ ಬಾಳಿನ ದೊಡ್ಡ ಎಡವಟ್ಟು ನಡೆದದ್ದು 1890ರಲ್ಲಿ. ಸಾಕಷ್ಟು ಪುರಾವೆ ಇಲ್ಲದೆ ಟ್ಯುಬರ್ಕ್ಯುಲಿನ್ ಎಂಬ ದ್ರವವನ್ನು ಕ್ಷಯಕ್ಕೆ ಮದ್ದೆಂದು ಸಾರಿದರು. ರೋಗಿಗಳು ಬರ್ಲಿನ್‌ಗೆ ಮುಗಿಬಿದ್ದರು. ಹಲವರಿಗೆ ಗುಣವಾಗಲಿಲ್ಲ, ಕೆಲವರು ಸತ್ತೇಹೋದರು. ಸಾಬೀತಾಗದೆ ಏನನ್ನೂ ಒಪ್ಪದ ವ್ಯಕ್ತಿ ಒಮ್ಮೆ ತಮ್ಮ ನಿಯಮವನ್ನೇ ಮರೆತಿದ್ದರ ಫಲವಿದು. ಮುಂದೆ ಅದೇ ದ್ರವ ಚರ್ಮದ ಪರೀಕ್ಷೆಗೆ ಉಪಯೋಗಕ್ಕೆ ಬಂತು. 1905ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಕಾಕ್, 1910ರ ಮೇ 27ರಂದು ನಿಧನರಾದರು.

ಕ್ಷಯಕ್ಕೆ ನಿಜವಾದ ಮದ್ದು ಬಂದದ್ದು 1940ರ ದಶಕದಲ್ಲಿ, ಸ್ಟ್ರೆಪ್ಟೊಮೈಸಿನ್ ಮೂಲಕ. ಅಲ್ಲಿಯವರೆಗೆ ಶುದ್ಧ ಗಾಳಿ, ವಿಶ್ರಾಂತಿ, ಒಳ್ಳೆಯ ಊಟವೇ ಚಿಕಿತ್ಸೆ. ತಾಂಡೂರಿಗೆ ಹತ್ತಿರದ ವಿಕಾರಾಬಾದ್‌ನ ಅನಂತಗಿರಿ ಬೆಟ್ಟದಲ್ಲಿರುವ ನಿಜಾಮರ ಕಾಲದ ಕ್ಷಯ ಆಸ್ಪತ್ರೆ ಆ ದಿನಗಳನ್ನು ನೆನಪಿಸುತ್ತದೆ.

ಇಂದು ಗಡ್ಡೆಯ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಗ್ರ್ಯಾನ್ಯುಲೋಮಾ ಎಂಬ ಜೀವಕೋಶಗಳ ಗುಂಪು, ನಡುವೆ ಗಿಣ್ಣಿನಂತೆ ಸತ್ತ ಭಾಗ ಕಂಡರೆ ಕ್ಷಯದ ಶಂಕೆ ಬಲವಾಗುತ್ತದೆ. ಆದರೆ ಶಿಲೀಂಧ್ರದಂತಹ ಬೇರೆ ರೋಗಗಳಲ್ಲೂ ಗ್ರ್ಯಾನ್ಯುಲೋಮಾ ಕಾಣಬಹುದು. ಅಂಗಾಂಶದಲ್ಲಿ ರೋಗಾಣುಗಳು ಕಡಿಮೆ ಇರುವುದರಿಂದ ಬಣ್ಣದ ಪರೀಕ್ಷೆಗೆ ಸಿಗದೇ ಹೋಗಬಹುದು. ಆಗ ರೋಗಾಣುವಿನ ಡಿಎನ್‌ಎ ಹುಡುಕುವ ಸಿಬಿನ್ಯಾಟ್ ಯಂತ್ರ ಸುಮಾರು 2 ಗಂಟೆಯಲ್ಲಿ ಉತ್ತರ ಕೊಡುತ್ತದೆ. ರಿಫಾಂಪಿಸಿನ್ ಔಷಧ ನಾಟುವುದೋ ಇಲ್ಲವೋ ಎಂಬುದನ್ನೂ ತಿಳಿಸುತ್ತದೆ. ರೋಗಾಣು ಬೆಳೆಸುವ ಕಲ್ಚರ್ ಪರೀಕ್ಷೆಗೆ ಮಾತ್ರ 6ರಿಂದ 8 ವಾರ ಹಿಡಿಯಬಹುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ತೆಗೆದ ಚೂರನ್ನೆಲ್ಲ ಫಾರ್ಮಲಿನ್ ದ್ರವದಲ್ಲಿ ಹಾಕಿದರೆ ರೋಗಾಣು ಸಾಯುತ್ತದೆ, ಕಲ್ಚರ್ ಸಾಧ್ಯವಾಗದು. ಆದ್ದರಿಂದ ಒಂದು ಭಾಗವನ್ನು ಫಾರ್ಮಲಿನ್‌ನಲ್ಲಿ, ಇನ್ನೊಂದು ಭಾಗವನ್ನು ಶುದ್ಧ ಸಲೈನ್‌ನಲ್ಲಿ ಕಳಿಸಬೇಕು. ಶಸ್ತ್ರಚಿಕಿತ್ಸೆಗೆ ಮೊದಲೇ ರೋಗಿಯ ಮನೆಯವರು ಈ ಬಗ್ಗೆ ವೈದ್ಯರಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಇಲ್ಲವಾದರೆ ಅದೇ ಗಡ್ಡೆಗೆ ಎರಡನೇ ಸಲ ಕತ್ತರಿ ಬೀಳಬಹುದು, ಅಥವಾ ಅಂದಾಜಿನ ಮೇಲೆ ತಿಂಗಳುಗಟ್ಟಲೆ ಮಾತ್ರೆ ನುಂಗಬೇಕಾದೀತು.

ಕಾಕ್ ತಮ್ಮ ಶೋಧವನ್ನು ಪ್ರಕಟಿಸಿದ ಮಾರ್ಚ್ 24 ಈಗ ವಿಶ್ವ ಕ್ಷಯರೋಗ ದಿನ. ಅಂದಾಜನ್ನು ನಂಬದೆ ರೋಗಾಣುವನ್ನೇ ಹುಡುಕಬೇಕು ಎಂಬುದು ಅವರು ಬಿಟ್ಟುಹೋದ ಪಾಠ.