ಅಭಿರುಚಿಗೆ ಅಳತೆಗೋಲು ಹುಡುಕಿದ ಡೇವಿಡ್ ಹ್ಯೂಮ್

ಅರ್ಥಶಾಸ್ತ್ರ ಓದುವ ನಮಗೆಲ್ಲ ಆಡಂ ಸ್ಮಿತ್ ಹೆಸರು ಗೊತ್ತು. ಅವರ ಆಪ್ತ ಗೆಳೆಯ ಡೇವಿಡ್ ಹ್ಯೂಮ್ ಬಗ್ಗೆ ಗೊತ್ತಿರುವವರು ಕಡಿಮೆ. ವಸ್ತುವಿನ ಬೆಲೆ ಹೇಗೆ ನಿಗದಿಯಾಗುತ್ತದೆ ಎಂದು ಸ್ಮಿತ್ ವಿವರಿಸಿದರು. ಒಂದು ಕವಿತೆ ಚೆನ್ನಾಗಿದೆ ಎಂದು ಯಾರು, ಯಾವ ಆಧಾರದ ಮೇಲೆ ಹೇಳಬಹುದು ಎಂದು ಹ್ಯೂಮ್ ಕೇಳಿದರು.

ಹ್ಯೂಮ್ ಹುಟ್ಟಿದ್ದು 1711ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಅವರು ವಕೀಲರಾಗಬೇಕೆಂದು ಮನೆಯವರ ಆಸೆ. ಅವರ ಮನಸ್ಸೆಲ್ಲ ಲ್ಯಾಟಿನ್ ಪುಸ್ತಕಗಳ ಮೇಲೆ. 1734ರಲ್ಲಿ ಬ್ರಿಸ್ಟಲ್‌ನ ವ್ಯಾಪಾರಿಯೊಬ್ಬರ ಬಳಿ ಕೆಲಸಕ್ಕೆ ಸೇರಿ, ಕೆಲವೇ ತಿಂಗಳಲ್ಲಿ ಬಿಟ್ಟರು. (ಕಾಮರ್ಸ್ ಎಲ್ಲರಿಗೂ ಒಗ್ಗುವುದಿಲ್ಲ!) ಫ್ರಾನ್ಸಿಗೆ ಹೋಗಿ ಬರೆದ ಮೊದಲ ಗ್ರಂಥ 1739ರಲ್ಲಿ ಹೊರಬಂದಾಗ ಹೆಚ್ಚು ಜನ ಗಮನಿಸಲೇ ಇಲ್ಲ. ಧರ್ಮದ ಬಗ್ಗೆ ಸಂದೇಹವಾದಿ ಎಂಬ ಕಾರಣಕ್ಕೆ ಎಡಿನ್‌ಬರೋ, ಗ್ಲಾಸ್ಗೋ ಎರಡೂ ಕಡೆ ಪ್ರಾಧ್ಯಾಪಕ ಹುದ್ದೆ ತಪ್ಪಿತು.

1752ರಲ್ಲಿ ಎಡಿನ್‌ಬರೋದ ವಕೀಲರ ಗ್ರಂಥಾಲಯದಲ್ಲಿ ಗ್ರಂಥಪಾಲಕರಾದರು. ಅವರು ತರಿಸಿದ ಮೂರು ಫ್ರೆಂಚ್ ಪುಸ್ತಕಗಳನ್ನು ಮೇಲ್ವಿಚಾರಕರು ಅಸಭ್ಯವೆಂದು ತೆಗೆಸಿಹಾಕಿದರು. ಹ್ಯೂಮ್‌ಗೆ ಅದು ಅವಮಾನ. ಆದರೆ ಇಂಗ್ಲೆಂಡಿನ ಇತಿಹಾಸ ಬರೆಯಲು ಅಲ್ಲಿನ ಪುಸ್ತಕಗಳು ಬೇಕಾಗಿದ್ದವು. ಹಾಗಾಗಿ ಕೆಲಸ ಬಿಡದೆ, ಸಂಬಳವನ್ನು ಮಾತ್ರ ಥಾಮಸ್ ಬ್ಲ್ಯಾಕ್‌ಲಾಕ್ ಎಂಬ ಅಂಧ ಕವಿಗೆ ಬಿಟ್ಟುಕೊಟ್ಟರು. ಅವರ ಜೀವನದಲ್ಲಿ ನನಗೆ ಅತಿ ಇಷ್ಟವಾದ ಪ್ರಸಂಗ ಇದು.

1757ರ ಪುಸ್ತಕವೊಂದರಲ್ಲಿ ಆತ್ಮಹತ್ಯೆ ಮತ್ತು ಆತ್ಮದ ಅಮರತ್ವ ಕುರಿತ ಎರಡು ಪ್ರಬಂಧಗಳು ಬರಬೇಕಿತ್ತು. ತೊಂದರೆಯಾದೀತೆಂದು ಹಿಂತೆಗೆದುಕೊಂಡರು. ಆ ಜಾಗ ತುಂಬಲು ಬರೆದದ್ದೇ ಅಭಿರುಚಿಯ ಮಾನದಂಡದ ಬಗೆಗಿನ ಪ್ರಬಂಧ.

ಸೌಂದರ್ಯವನ್ನು ಅರಿಯಲು ಮನುಷ್ಯನಿಗೆ ಒಳಗೊಂದು ಇಂದ್ರಿಯವಿದೆ ಎಂದು ಫ್ರಾನ್ಸಿಸ್ ಹಚಿಸನ್ 1725ರಲ್ಲೇ ಬರೆದಿದ್ದರು. ಸೌಂದರ್ಯ ವಸ್ತುವಿನಲ್ಲಿಲ್ಲ, ನಮ್ಮ ಭಾವದಲ್ಲಿದೆ ಎಂದು ಹ್ಯೂಮ್ ಕೂಡ ಒಪ್ಪಿದರು. ಹಾಗಾದರೆ ಅವರವರ ರುಚಿ ಅವರವರಿಗೆ ಎಂದು ಸುಮ್ಮನಾಗಬಹುದಲ್ಲ? ಹ್ಯೂಮ್ ಸುಮ್ಮನಾಗಲಿಲ್ಲ. ಎರಡು ಸಾವಿರ ವರ್ಷಗಳ ಹಿಂದೆ ಅಥೆನ್ಸಿನಲ್ಲಿ ಮೆಚ್ಚುಗೆ ಪಡೆದ ಹೋಮರ್‌ನನ್ನು ಪ್ಯಾರಿಸ್, ಲಂಡನ್‌ನಲ್ಲಿ ಇನ್ನೂ ಮೆಚ್ಚುತ್ತಾರೆ, ಏಕೆ?

ಅದಕ್ಕೆ ಅವರು ಡಾನ್ ಕ್ವಿಕ್ಸೋಟ್ ಕಾದಂಬರಿಯ ಕಥೆಯೊಂದನ್ನು ಬಳಸುತ್ತಾರೆ. ಇಬ್ಬರು ದ್ರಾಕ್ಷಾರಸದ ಮದ್ಯದ ರುಚಿ ನೋಡುತ್ತಾರೆ. ಒಬ್ಬನಿಗೆ ಚರ್ಮದ ವಾಸನೆ, ಇನ್ನೊಬ್ಬನಿಗೆ ಕಬ್ಬಿಣದ ರುಚಿ. ಜನ ನಗುತ್ತಾರೆ. ಪೀಪಾಯಿ ಖಾಲಿಯಾದಾಗ ತಳದಲ್ಲಿ ಚರ್ಮದ ದಾರ ಕಟ್ಟಿದ ಕೀಲಿಕೈ ಸಿಗುತ್ತದೆ! ಮದ್ಯದ ಉದಾಹರಣೆ ನಮ್ಮ ಮನೆಗೆ ಹೊಂದುವುದಿಲ್ಲ. ಆದರೆ ಬಿರಿಯಾನಿಯ ಹಬೆ ತಾಗಿದರೆ ಸಾಕು, ಅಕ್ಕಿ ಹೊಸದೋ ಹಳೆಯದೋ ಎಂದು ನಮ್ಮ ದಾದಿಮಾ ಹೇಳಿಬಿಡುತ್ತಾರೆ. ಮುಷಾಯಿರಾದಲ್ಲಿ ಎಲ್ಲರೂ ವಾಹ್ ವಾಹ್ ಎನ್ನುತ್ತಾರೆ, ಸರಿಯಾದ ಜಾಗದಲ್ಲಿ ಎನ್ನುವವರು ಕೆಲವರೇ.

ಅಂಥವರಿಗೆ ಏನೇನು ಬೇಕು? ಒಳ್ಳೆಯ ತಿಳಿವಳಿಕೆ, ಸೂಕ್ಷ್ಮ ಸಂವೇದನೆ, ಅಭ್ಯಾಸ, ಹೋಲಿಸಿ ನೋಡಿದ ಅನುಭವ, ಪೂರ್ವಗ್ರಹವಿಲ್ಲದ ಮನಸ್ಸು ಎನ್ನುತ್ತಾರೆ ಹ್ಯೂಮ್. ಇಂಥವರು ಒಟ್ಟಾಗಿ ಕೊಡುವ ತೀರ್ಪೇ ಮಾನದಂಡ. ಒಳ್ಳೆಯ ವಿಮರ್ಶಕ ಯಾರೆಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆ ಇಂದಿಗೂ ಉಳಿದಿದೆ. ಮುಂದೆ 1790ರಲ್ಲಿ ಜರ್ಮನಿಯ ಕಾಂಟ್ ಇದೇ ಸಮಸ್ಯೆಯನ್ನು ಬೇರೆ ದಾರಿಯಿಂದ ಎದುರಿಸಿದರು.

ಇನ್ನೊಂದು ವಿಷಯವನ್ನು ಬಿಡುವಂತಿಲ್ಲ. ಇದೇ ಪ್ರಬಂಧದಲ್ಲಿ ಹ್ಯೂಮ್ ಪವಿತ್ರ ಕುರ್‌ಆನಿನ ನೀತಿಬೋಧೆಯನ್ನು ಟೀಕಿಸಿದ್ದಾರೆ. ಕೃತಿಯೊಂದನ್ನು ಅದರ ಓದುಗರ ಸ್ಥಾನದಲ್ಲಿ ನಿಂತು ನೋಡಬೇಕೆಂದು ಕೇಳಿದವರು, ಅರಬ್ಬಿ ಕಲಿಯದೆಯೇ ಒಂದು ಪ್ಯಾರಾದಲ್ಲಿ ತೀರ್ಪು ಕೊಟ್ಟರು. ಓದುವಾಗ ನನಗೆ ನೋವಾಯಿತು. ಆದರೂ ಪ್ರಬಂಧವನ್ನು ಬದಿಗಿಡಲಾಗಲಿಲ್ಲ. ಅವರ ತಪ್ಪನ್ನು ಹಿಡಿಯಲು ನನಗೆ ಸಿಕ್ಕಿದ್ದೂ ಅವರದೇ ಅಳತೆಗೋಲು.

1776ರ ಮಾರ್ಚ್‌ನಲ್ಲಿ ಸ್ಮಿತ್ ಅವರ ಪ್ರಸಿದ್ಧ ಗ್ರಂಥ ಹೊರಬಂದಾಗ ಹ್ಯೂಮ್ ಕಾಯಿಲೆಯಲ್ಲಿದ್ದರು. ಓದಿ ಸಂತೋಷಪಟ್ಟು ಗೆಳೆಯನಿಗೆ ಪತ್ರ ಬರೆದರು. ಆಗಸ್ಟ್ 25ರಂದು ತೀರಿಕೊಂಡರು. ಕೊನೆಯ ದಿನಗಳವರೆಗೂ ತಮ್ಮ ಪ್ರಬಂಧಗಳನ್ನು ತಿದ್ದುತ್ತಲೇ ಇದ್ದರು. ಮರುವರ್ಷ ಆ ತಿದ್ದುಪಡಿಗಳೊಂದಿಗೆ ಹೊಸ ಮುದ್ರಣ ಬಂತು. ಕುರ್‌ಆನ್ ಕುರಿತ ಆ ಪ್ಯಾರಾ ಅದರಲ್ಲೂ ಉಳಿದಿತ್ತು.