ರಾಬರ್ಟ್ ಪಿಯರಿ

ರಾಬರ್ಟ್ ಎಡ್ವಿನ್ ಪಿಯರಿ (ಮೇ 6, 1856 – ಫೆಬ್ರವರಿ 20, 1920) ಅಮೆರಿಕದ ನೌಕಾಪಡೆಯ ಎಂಜಿನಿಯರ್ ಹಾಗೂ ಧ್ರುವಪ್ರದೇಶದ ಅನ್ವೇಷಕರು. ಪೆನ್ಸಿಲ್ವೇನಿಯದ ಕ್ರೆಸನ್‌ನಲ್ಲಿ ಜನಿಸಿದ ಇವರು ಮೇಯ್ನ್ ರಾಜ್ಯದಲ್ಲಿ ಬೆಳೆದು, 1877ರಲ್ಲಿ ಅಲ್ಲಿನ ಬೋಡನ್ ಕಾಲೇಜಿನಿಂದ ಪದವಿ ಪಡೆದರು.

ಮೇಯ್ನ್ ಕರಾವಳಿಯ ಕ್ಯಾಸ್ಕೊ ಕೊಲ್ಲಿಯಲ್ಲಿರುವ, ಬಂಡೆಗಳಿಂದ ಸುತ್ತುವರಿದ ಈಗಲ್ ದ್ವೀಪವನ್ನು ಪಿಯರಿಯವರು 1881ರಲ್ಲಿ ಕೊಂಡು, 1904ರಲ್ಲಿ ಅಲ್ಲಿ ಬೇಸಿಗೆಯ ಮನೆಯನ್ನು ಕಟ್ಟಿಸಿದರು. ಅಷ್ಟರಲ್ಲಿ ಧ್ರುವಯಾತ್ರೆಗಳ ತೀವ್ರ ಚಳಿಯಿಂದ ಇವರು ತಮ್ಮ ಕಾಲ್ಬೆರಳುಗಳಲ್ಲಿ ಹೆಚ್ಚಿನವನ್ನು ಕಳೆದುಕೊಂಡಿದ್ದರು.

1909ರ ಏಪ್ರಿಲ್ 6ರಂದು ಮ್ಯಾಥ್ಯೂ ಹೆನ್ಸನ್ ಹಾಗೂ ನಾಲ್ವರು ಇನ್ಯೂಯಿಟ್ ಸಂಗಾತಿಗಳೊಡನೆ ಉತ್ತರ ಧ್ರುವವನ್ನು ತಲುಪಿದುದಾಗಿ ಇವರು ಸಾರಿದರು. ಸೆಪ್ಟೆಂಬರ್‌ನಲ್ಲಿ ಈ ವಾರ್ತೆ ಬಂದಾಗ ಪತ್ನಿ ಜೋಸೆಫೀನ್ ಈಗಲ್ ದ್ವೀಪದಲ್ಲಿದ್ದರು. ಆದರೆ ತಾವು 1908ರಲ್ಲಿಯೇ ಧ್ರುವವನ್ನು ಮುಟ್ಟಿದುದಾಗಿ ಫ್ರೆಡರಿಕ್ ಕುಕ್ ಕೆಲವೇ ದಿನಗಳ ಹಿಂದೆ ಪ್ರಕಟಿಸಿದ್ದರಿಂದ ವಿವಾದವೆದ್ದಿತು. 1911ರಲ್ಲಿ ಅಮೆರಿಕದ ಕಾಂಗ್ರೆಸ್ಸು ಪಿಯರಿಯವರನ್ನು ಗೌರವಿಸಿ ರಿಯರ್ ಅಡ್ಮಿರಲ್ ಪದವಿಯನ್ನು ನೀಡಿತು. ಆದರೂ ಯಾತ್ರೆಯ ಕೊನೆಯ ಹಂತದಲ್ಲಿ ಅಕ್ಷಾಂಶವನ್ನು ಸ್ವತಂತ್ರವಾಗಿ ಅಳೆದು ದೃಢೀಕರಿಸಬಲ್ಲವರು ಜೊತೆಯಲ್ಲಿ ಇರದಿದ್ದ ಕಾರಣ, ಅವರು ಧ್ರುವವನ್ನು ತಲುಪಿದರೇ ಎಂಬ ಪ್ರಶ್ನೆ ಇಂದಿಗೂ ಬಗೆಹರಿದಿಲ್ಲ.

ಕುಟುಂಬದವರು 1967ರಲ್ಲಿ ದ್ವೀಪವನ್ನು ಮೇಯ್ನ್ ರಾಜ್ಯಕ್ಕೆ ದಾನವಾಗಿ ಕೊಟ್ಟರು. 2014ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿತವಾದ ಈ ಮನೆಯನ್ನು ಬೇಸಿಗೆಯಲ್ಲಿ ದೋಣಿಯ ಮೂಲಕ ಹೋಗಿ ನೋಡಬಹುದಾಗಿದೆ.